ಇಬ್ಬರಿಗೂ ಮೊದಲ ಹೆಸರು

"ನನ್ನ ಹೆಸರಿಗಿಂತ ಮುಂದೆ ನಿಲ್ಲುವ ಹೆಸರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ" ಎಂದು ಶಂಖಪುರದ ರಾಜ ಗಂಡರಸ ಮೀಸೆ ತಿರುವಿದ.

ಎದುರಿಗೆ ಕೂತಿದ್ದ ರಾಯಭಾರಿ ದಾವೂದ್ ಖ್ವಾಜಾ ಗಡ್ಡ ನೀವಿಕೊಂಡ. ಬಂದರಿನ ವ್ಯಾಪಾರಿಗಳ ಜೊತೆ ಪಳಗಿ ಅವನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. "ನನ್ನನ್ನು ಕಳಿಸುವಾಗ ನಮ್ಮ ಸುಲ್ತಾನರೂ ಇದೇ ಮಾತು ಹೇಳಿದರು."

ಅಲ್ಲಿಗೆ ಮಾತುಕತೆ ನಿಂತಿತು.

ಶಂಖಪುರ ಕಡಲಿನ ಈಚೆ ದಡದ ಸಣ್ಣ ರಾಜ್ಯ. ಅಲ್ಲಿ ಮೆಣಸು ಯಥೇಚ್ಛ. ದಾವೂದನ ಮರಳುನಾಡು ಆಚೆ ದಡದಲ್ಲಿ, ನಲವತ್ತು ದಿನದ ಪಯಣ. ಅಲ್ಲಿ ಕುದುರೆ ಬೇಕಾದಷ್ಟು. ಎರಡೂ ಈಚೆಗಷ್ಟೇ ತಲೆ ಎತ್ತುತ್ತಿದ್ದ ರಾಜ್ಯಗಳು. ಇಷ್ಟು ದಿನ ಕಡಲ ದಾರಿಯ ನಡುವಿನ ದೊಡ್ಡ ರಾಜ್ಯದವರು ಇವರ ಮೆಣಸನ್ನು ಅವರಿಗೆ, ಅವರ ಕುದುರೆಯನ್ನು ಇವರಿಗೆ ಮಾರಿ ತಾವು ದುಂಡಗಾಗಿದ್ದರು. ಇನ್ನು ನೇರವಾಗಿ ವ್ಯಾಪಾರ ಮಾಡೋಣವೆಂದು ಇಬ್ಬರಿಗೂ ಆಸೆ. ಷರತ್ತುಗಳೆಲ್ಲ ಒಂದೇ ಬೆಳಗಿನಲ್ಲಿ ಕುದುರಿದವು. ಕುದುರದ್ದು ಒಂದೇ: ಒಪ್ಪಂದದ ಪತ್ರದಲ್ಲಿ ಯಾರ ಹೆಸರು ಮೊದಲು?

ಹಟ ಎಷ್ಟಿತ್ತೆಂದರೆ, ಒಬ್ಬರಿಗಿಂತ ಒಬ್ಬರು ಎತ್ತರ ಕೂರಲು ದಿಂಬಿನ ಮೇಲೆ ದಿಂಬು ಪೇರಿಸುತ್ತಿದ್ದರು. ಮೂರನೆಯ ದಿನ ರಾಜ ಏಣಿ ಇಟ್ಟು ಸಿಂಹಾಸನ ಹತ್ತಿದ. ದಾವೂದ ಆರು ದಿಂಬಿನ ಮೇಲಿಂದ ಉರುಳಿ ಬಿದ್ದು, "ನಮ್ಮಲ್ಲಿ ಹೀಗೆಯೇ ಇಳಿಯುವುದು" ಎಂದು ನಿಲುವಂಗಿ ಕೊಡವಿಕೊಂಡ.

ಬಂದರಿನಲ್ಲಿ ಮೆಣಸು ತುಂಬಿದ ಹಡಗು ಕಾಯುತ್ತಿತ್ತು. ಎರಡು ದಿನದಲ್ಲಿ ಗಾಳಿ ತಿರುಗುತ್ತದೆ. ತಿರುಗಿದರೆ ಆರು ತಿಂಗಳು ಹಡಗು ಅಲುಗುವಂತಿಲ್ಲ.

ರಾಜ ಆಸ್ಥಾನದ ಬರಹಗಾರ ಅಂಕಣ್ಣನನ್ನು ಕರೆಸಿದ. "ನಾಳೆಯೊಳಗೆ ಪತ್ರ ಆಗಬೇಕು. ಮೊದಲ ಹೆಸರು ನನ್ನದಿರಬೇಕು. ರಾಯಭಾರಿಯೂ ನಗುತ್ತ ಸಹಿ ಹಾಕಬೇಕು. ಆಗದಿದ್ದರೆ ನೀನೇ ಹಡಗು ಹತ್ತಿ ಹೋಗಿ ಸುಲ್ತಾನನಿಗೆ ಸಮಾಧಾನ ಹೇಳಿ ಬಾ."

ಹೊಳೆ ದಾಟುವ ದೋಣಿಯಲ್ಲೇ ವಾಂತಿ ಮಾಡುವವನು ಅಂಕಣ್ಣ. ಇನ್ನು ನಲವತ್ತು ದಿನದ ಕಡಲು.

ಹೋಗಿ ದಾವೂದನ ಬಿಡಾರದ ಬಾಗಿಲು ತಟ್ಟಿದ. "ಸ್ವಾಮಿ, ನಿಮ್ಮ ಸುಲ್ತಾನರ ಹೆಸರು ನಿಮ್ಮ ಲಿಪಿಯಲ್ಲಿ ಹೇಗಿರುತ್ತದೆ? ಒಂದು ಸಲ ಬರೆದು ತೋರಿಸುತ್ತೀರಾ?"

ದಾವೂದ ಖುಷಿಯಿಂದ ಲೇಖನಿ ಅದ್ದಿ, ಹಾಳೆಯ ಬಲ ತುದಿಯಲ್ಲಿ ಶುರು ಮಾಡಿದ.

"ಸ್ವಾಮಿ, ಕೊನೆಯಿಂದ ಬರೆಯುತ್ತಿದ್ದೀರಲ್ಲ?"

"ಕೊನೆಯಲ್ಲವಯ್ಯ, ನಮ್ಮಲ್ಲಿ ಇದೇ ಮೊದಲು. ತಿರುಗುಮುರುಗಾಗಿ ಬರೆಯುವವರು ನೀವು."

ಅಂಕಣ್ಣ ಹಾಳೆಯನ್ನೇ ನೋಡುತ್ತ ನಿಂತ. ಆಮೇಲೆ ಆ ಹಾಳೆಯನ್ನೇ ಕೇಳಿ ತೆಗೆದುಕೊಂಡು, ಹೆಸರನ್ನು ನೋಡಿ ಬರೆಯಲು ಮನೆಗೆ ಓಡಿದ.

ಮರುದಿನ ಸಭೆಯಲ್ಲಿ ಒಂದೇ ತೆರನಾದ ಎರಡು ಪತ್ರ ಹರಡಿದ. ಮೇಲೆ ಒಂದೇ ಸಾಲು. ಎಡ ತುದಿಯಲ್ಲಿ ಕನ್ನಡದಲ್ಲಿ ರಾಜನ ಹೆಸರು, ಬಲ ತುದಿಯಲ್ಲಿ ಅವರ ಲಿಪಿಯಲ್ಲಿ ಸುಲ್ತಾನನ ಹೆಸರು.

"ಪ್ರಭು, ಮೊದಲು ಯಾರ ಹೆಸರಿದೆ?"

ರಾಜ ಎಡದಿಂದ ನೋಡಿದ. "ನನ್ನದೇ."

"ರಾಯಭಾರಿಗಳೇ, ನೀವು?"

ದಾವೂದ ಬಲದಿಂದ ನೋಡಿದ. "ಇನ್ನಾರದು? ಸುಲ್ತಾನರದು."

ಇಬ್ಬರೂ ಒಬ್ಬರನ್ನೊಬ್ಬರು ಅಯ್ಯೋ ಪಾಪ ಎಂಬಂತೆ ನೋಡಿ, ನಗುತ್ತ ಸಹಿ ಹಾಕಿದರು. ತನ್ನ ಪಾಲಿನ ಪತ್ರ ತಗೊಂಡು ದಾವೂದ ಅಂದೇ ಹಡಗು ಹತ್ತಿದ.

ಹಾಯಿ ಕಣ್ಣಿಗೆ ಮರೆಯಾಗುತ್ತಿದ್ದಂತೆ ರಾಜನಿಗೆ ಸಂಶಯ ಹತ್ತಿತು. "ಅಂಕಣ್ಣ, ನಾನು ಎಡಕ್ಕೆ, ಅವನು ಬಲಕ್ಕೆ. ಗೌರವದ ಜಾಗ ಬಲಗಡೆಯದಲ್ಲವೇ?"

"ಪತ್ರ ನಿಮ್ಮತ್ತ ಮುಖ ಮಾಡಿದೆ, ಪ್ರಭು. ನಿಮ್ಮ ಎಡ ಅಂದರೆ ಅದರ ಬಲಗೈ."

ರಾಜ ತನ್ನ ಎರಡೂ ಕೈ ಎತ್ತಿ ನೋಡಿಕೊಂಡ, ಪತ್ರ ನೋಡಿದ, ಮತ್ತೆ ಕೈ ನೋಡಿಕೊಂಡ. "ಹೌದಲ್ಲ. ಹಾಗಾದರೆ ಸುಲ್ತಾನ ಪತ್ರದ ಎಡಗೈಗೆ ಬಿದ್ದ. ಅವನಿಗೆ ಇದು ಗೊತ್ತಾಗಿ ಜಗಳಕ್ಕೆ ಬಂದರೆ?"

"ಬರಲಿ, ಪ್ರಭು. ಅಷ್ಟು ದೂರದಿಂದ ಖಾಲಿ ಹಡಗಿನಲ್ಲಿ ಯಾರಾದರೂ ಬರುತ್ತಾರೆಯೇ? ಬರುವಾಗ ಕುದುರೆ ತರುತ್ತಾರೆ, ಹೋಗುವಾಗ ಮೆಣಸು ಒಯ್ಯುತ್ತಾರೆ. ವರ್ಷಕ್ಕೊಂದು ಸಲ ಜಗಳವಾದರೆ ವ್ಯಾಪಾರಕ್ಕೆ ಬೇರೆ ಒಪ್ಪಂದವೇ ಬೇಡ."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕು, ಹೆಗಲ ಮೇಲಿನ ಶಾಲು ತೆಗೆದು ಅಂಕಣ್ಣನಿಗೆ ಹೊದಿಸಿದ.