ಏನೂ ಬೇಡದ ವಜ್ರಕೇತು

ಹೊಸಬರೆಲ್ಲ ಮುಂದೆ ಬಂದು ಕೂತ್ಕೊಳ್ಳಿ. ನಿಮ್ಮ ಪಾತ್ರದ ಅರ್ಜಿ ಆಮೇಲೆ ಬರೆಯೋರಂತೆ, ಮೊದಲು ಕತೆ ಕೇಳಿ. ನೀವು ಹೂಂಗುಟ್ಟದಿದ್ರೂ ನಾನು ಹೇಳೋಳೇ, ಅಷ್ಟು ಆತುರ ನನಗೆ.

ಒಂದಾನೊಂದು ಊರು ಮೊಬೈಲಿನೊಳಗಿತ್ತು. ನೆಲ ಇಲ್ಲ, ಬಸ್ಸಿಲ್ಲ, ಹೆಸರು ಮಾತ್ರ ಬರೆಪೇಟೆ. ಅಲ್ಲಿಗೆ ನಾವು ನೀವು ಹೋಗೋ ಹಾಗಿಲ್ಲ. ಒಬ್ಬ ಮನುಷ್ಯನನ್ನ ಕಲ್ಪಿಸಿ, ಬರೆದು, ಒಳಗೆ ಕಳಿಸಬೇಕು. ನಿಮ್ಮವನ ಮಾತು ನೀವು ಬರೀರಿ, ಬೇರೆಯವರ ಮಾತು ಅವರೇ ಬರೀತಾರೆ. ಮೂರು ಸಂಜೆಯೊಳಗೆ ಯಾರಾದ್ರೂ ನಿಮ್ಮವನನ್ನ ನೋಡಿ 'ಆಮೇಲೆ?' ಅಂತ ಕೇಳಬೇಕು. ಯಾರೂ ಕೇಳದಿದ್ರೆ ಅವನು ಕರಗಿಹೋಗ್ತಾನೆ.

ತಿಪಟೂರಿನಲ್ಲಿ ಪಂಕಜಾಕ್ಷಿ ಅಂತ ಒಬ್ಬ ಟೈಲರ್ ಇದ್ದಳು. ಬ್ಲೌಸ್ ಹೊಲೀತಾ ಹೊಲೀತಾ ಮೂರು ತಿಂಗಳು ಕೂತು ಒಬ್ಬನನ್ನ ಬರೆದಳು. ಅವನೇ ವಜ್ರಕೇತು. ಅವಳು ಬರೆದದ್ದನ್ನ ಅದುವರೆಗೆ ಯಾರೂ ಓದಿರಲಿಲ್ಲ. ಇವನು ಕರಗಿದ್ರೆ ಮತ್ತೆ ಬರೆಯೋ ಧೈರ್ಯ ಬರಲ್ಲ ಅಂತ ಅವಳಿಗೆ ಗೊತ್ತಿತ್ತು.

ಊರಬಾಗಿಲಲ್ಲಿ ಒಂದು ಅರ್ಜಿ ಕಾವಲಿಗೆ ಕೂತಿತ್ತು. ಮಾತಾಡೋ ಅರ್ಜಿ.

"ಇವನಿಗೆ ಎಷ್ಟು ಭಾಷೆ ಬರುತ್ತೆ?" ಅಂತು.

"ಸಾವಿರ," ಅಂದಳು ಪಂಕಜಾಕ್ಷಿ.

"ಸಾವು?"

"ಬರಲ್ಲ."

"ಅಪ್ಪ ಅಮ್ಮ?"

"ಇಬ್ಬರೂ ಸತ್ತಿದ್ದಾರೆ. ಯಾವುದಕ್ಕೂ ಇರಲಿ ಅಂತ ಸೋದರಮಾವನನ್ನೂ ಸಾಯಿಸಿದ್ದೀನಿ."

"ಇವನಿಗೆ ಏನು ಬೇಕು?"

"ಏನೂ ಬೇಡ. ಎಲ್ಲಾ ಇದೆ."

ಅರ್ಜಿ ನಿಟ್ಟುಸಿರು ಬಿಟ್ಟು ಬಾಗಿಲು ತೆಗೀತು.

ಒಳಗೆ ಹೋದ್ರೆ ಏನಿದೆ ಅಂತೀರಾ! ಚೌಕದಲ್ಲಿ ಆರುನೂರ ತೊಂಬತ್ತೊಂಬತ್ತು ಜನ ವೀರರು ಕೈ ಕಟ್ಟಿ ನಿಂತಿದ್ದಾರೆ. ಹಳಬರು ಕರಗಿದ ಹಾಗೆ ಹೊಸಬರು ಬರ್ತಾನೇ ಇರ್ತಾರೆ. ಯಾರಿಗೂ ಏನೂ ಬೇಡ. ಟೀ ಅಂಗಡಿ ಪುಟ್ಟಲಿಂಗಮ್ಮ ಊರಿನ ಜೊತೆಗೇ ಹುಟ್ಟಿದವಳು, ಅವಳಿಗೆ ಕರಗೋ ಕಾಟ ಇಲ್ಲ; ಹನ್ನೆರಡು ವರ್ಷದಿಂದ ಟೀ ಬೇಕಾ, ಬನ್ ಬೇಕಾ ಅಂತ ಕೇಳ್ತಾನೇ ಇದ್ದಾಳೆ. ಒಬ್ಬನಿಗೂ ಹಸಿವಿಲ್ಲ, ಬಾಯಾರಿಕೆ ಇಲ್ಲ. ಟೀ ಕುದ್ದು ಕುದ್ದು ಕಲ್ಲಾಗಿತ್ತು. ಯಾರೂ ಎಲ್ಲಿಗೂ ಹೋಗದೆ ಇದ್ದದ್ದಕ್ಕೆ ರಸ್ತೆ ತನ್ನನ್ನ ತಾನೇ ಚಾಪೆ ಥರ ಸುತ್ತಿಕೊಂಡು ಮಲಗಿತ್ತು. ಮಳೆ ಬಂದು ನೋಡ್ತು, ಇಲ್ಲಿ ನೆನೆಯೋರು ಯಾರೂ ಇಲ್ಲ ಅಂತ ವಾಪಸ್ ಹೋಯ್ತು.

ವಜ್ರಕೇತು ಸುಮ್ಮನಿರ್ತಾನಾ? ಪಕ್ಕದವನಿಗೆ ಖಡ್ಗದಲ್ಲಿ ಹೊಡೆದ. ಪಕ್ಕದವನು "ತಗುಲಲಿಲ್ಲ" ಅಂದ. ಪಕ್ಕದವನು ಹೊಡೆದ. ಇವನು "ತಗುಲಲಿಲ್ಲ" ಅಂದ. ಹೊಡೆದ, ತಗುಲಲಿಲ್ಲ, ಹೊಡೆದ, ತಗುಲಲಿಲ್ಲ. ಎರಡು ದಿನ ಇದೇ ಆಯ್ತು. 'ಆಮೇಲೆ?' ಅಂತ ಒಬ್ಬನೂ ಕೇಳಲಿಲ್ಲ. ಎರಡನೇ ಸಂಜೆ ಹೊತ್ತಿಗೆ ವಜ್ರಕೇತುವಿನ ಕಿವಿ ಹೋಗಿತ್ತು, ಭುಜ ಅರ್ಧ ಹೋಗಿತ್ತು.

ಪಂಕಜಾಕ್ಷಿ ಹೊಲಿಗೆ ಬಿಟ್ಟು ಎದ್ದಳು. ಅರ್ಜಿ ಹತ್ರ ಓಡಿದಳು. "ಏನಾದ್ರೂ ಮಾಡಪ್ಪಾ, ಹೋಗ್ತಿದ್ದಾನೆ."

"ಇವನ ಹತ್ರ ಇರೋದು ಜಾಸ್ತಿಯಾಯ್ತು ಕಣಮ್ಮ. ಊರಬಾಗಿಲ ಹೊರಗಿನ ಸಂತೆಗೆ ಹೋಗು, ಬದಲಾಯಿಸಿಕೊಂಡು ಬಾ," ಅಂತು ಅರ್ಜಿ.

ಸಂತೆಯಲ್ಲಿ ಮಜ್ಜಿಗೆ ಗಡಿಗೆ ಅವನ ಅಮರತ್ವ ಇಸ್ಕೊಂಡು, ತನ್ನ ಹುಳಿತೇಗು ಕೊಡ್ತು. ಗಿಣಿ ಅವನ ಸಾವಿರ ಭಾಷೆ ಇಸ್ಕೊಂಡು, ಬೆಕ್ಕಿನ ಭಯ ಕೊಡ್ತು. ಬಟ್ಟೆ ಒಣಹಾಕೋ ಹಗ್ಗ ಅವನ ಚಿನ್ನದ ಬೆಲ್ಟು ಕೇಳ್ತು.

"ಬದಲಿಗೆ ಏನು ಕೊಡ್ತೀಯ?" ಅಂದಳು ಪಂಕಜಾಕ್ಷಿ.

"ನನ್ನ ಹತ್ರ ಏನೂ ಇಲ್ಲವಲ್ಲ."

"ಆ ಇಲ್ಲ ಅನ್ನೋದನ್ನೇ ಕೊಡು."

ಹಗ್ಗ ಕೊಡ್ತು. ಅಷ್ಟೇ, ವಜ್ರಕೇತುವಿನ ಪ್ಯಾಂಟು ಜಾರೋಕೆ ಶುರುವಾಯ್ತು. ಅವನು ಕಟ್ಟಿದ ಕೈ ಬಿಟ್ಟು ಒಂದು ಕೈಯಲ್ಲಿ ಪ್ಯಾಂಟು ಹಿಡ್ಕೊಂಡ.

ಮೂರನೇ ಸಂಜೆ. ಸೂರ್ಯ ಇಳೀತಿದ್ದಾನೆ. ವಜ್ರಕೇತುವಿನಲ್ಲಿ ಉಳಿದದ್ದು ಒಂದು ಬಾಯಿ, ಒಂದು ಕೈ, ಆ ಪ್ಯಾಂಟು. ಹಾಗೇ ತೇಗ್ತಾ ತೇಗ್ತಾ ಟೀ ಅಂಗಡಿಗೆ ಹೋದ.

"ಅಕ್ಕಾ, ಒಂದು ಪಿನ್ನು ಇದ್ಯಾ?"

ಇಷ್ಟು ಬರೆದು ಪಂಕಜಾಕ್ಷಿಯ ಬೆರಳು ಚಡಪಡಿಸ್ತು. 'ತಗೋಪ್ಪ' ಅಂತ ಪುಟ್ಟಲಿಂಗಮ್ಮನ ಮಾತನ್ನೂ ತಾನೇ ಬರೆದುಬಿಡೋಣ ಅನ್ನಿಸ್ತು.

"ಕೈ ತೆಗಿ," ಅಂತು ಅರ್ಜಿ. "ಅದು ಅವಳ ಮಾತು. ಕಾಯಬೇಕು."

ಪಂಕಜಾಕ್ಷಿ ಎರಡು ಕೈಯನ್ನೂ ತೊಡೆ ಕೆಳಗಿಟ್ಟು ಅದರ ಮೇಲೆ ಕೂತಳು. ಎಷ್ಟು ಹೊತ್ತು ಅಂತೀರಿ! ಬಾಯಿಯೂ ಹೋಯ್ತು. ಪ್ಯಾಂಟು ಹಿಡಿದ ಕೈಯೊಂದೇ ಗಾಳಿಯಲ್ಲಿ ಉಳೀತು.

ಆಗ ಪುಟ್ಟಲಿಂಗಮ್ಮ ಒಲೆ ಬಿಟ್ಟು ಎದ್ದಳು. ಹನ್ನೆರಡು ವರ್ಷದಲ್ಲಿ ಅವಳನ್ನ ಯಾರೂ ಏನೂ ಕೇಳಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು.

"ಇದೆ ಕಣಪ್ಪಾ," ಅಂದಳು. "ಒಂದೇ ಪಿನ್ನು, ನನ್ನ ಸೆರಗಲ್ಲಿದೆ. ನಿಂಗೆ ಕೊಟ್ರೆ ನನ್ನ ಸೆರಗು ಯಾರು ಹಿಡ್ಕೋತಾರೆ?"

ಚೌಕದಲ್ಲಿ ಒಂದು ಕತ್ತು ತಿರುಗ್ತು. ಇನ್ನೊಂದು ತಿರುಗ್ತು. ಆರುನೂರ ತೊಂಬತ್ತೊಂಬತ್ತು ಜನ ಕಟ್ಟಿದ ಕೈ ಬಿಟ್ಟು ಮುಂದಕ್ಕೆ ಬಗ್ಗಿದರು.

"ಆಮೇಲೆ?" ಅಂದರು.

ವಜ್ರಕೇತು ಕಾಲಬೆರಳಿಂದ ಕಿವಿಯವರೆಗೆ ತುಂಬಿಕೊಂಡ. ತಿಪಟೂರಲ್ಲಿ ಪಂಕಜಾಕ್ಷಿ ಮಷಿನ್ ಮೇಲೆ ತಲೆಯಿಟ್ಟು ಸಂತೋಷಕ್ಕೆ ಗೊಳೋ ಅಂತ ಅತ್ತಳು.

ಇದರ ನೀತಿ ಇಷ್ಟೇ. ವೀರನನ್ನೇ ಮಾಡ್ಕೊಳ್ಳಿ, ನಾನು ಬೇಡ ಅನ್ನಲ್ಲ. ಒಂದು ಕೈ ಮಾತ್ರ ಪ್ಯಾಂಟಿನ ಮೇಲಿರಲಿ. ಕತೆ ಚೌಕದಲ್ಲಿ ನಿಂತಿದೆ, ನಾನು ಇಲ್ಲಿ ಕೂತಿದ್ದೀನಿ. ಈಗ ನಿಮ್ಮ ಅರ್ಜಿ ಕೊಡಿ, ನಿಮ್ಮವರಿಗೆ ಏನು ಬೇಕು ನೋಡೋಣ.