ಮೂರು ಮಿಲಿಮೀಟರ್

ಬೆಳಗಾವಿಯ ಫೌಂಡ್ರಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದ ನೀಲವ್ವನ ಮೇಲೆ ಹೊಸ ಮ್ಯಾನೇಜರ್ ಎಗರಿದ.

"ಎರಕ ಹೊಯ್ದ ಪಂಪನ್ನ ಲೇತಿನ್ಯಾಗ ಮೂರು ಮಿಲಿಮೀಟರ್ ಹೆರದು ಒಗೀತೀರಿ. ದಂಡ! ಎರಕದಾಗನ ಅಷ್ಟು ಕಡಿಮಿ ಮಾಡು, ಇಲ್ಲಾ ಕೆಲಸ ಬಿಡು!"

ಎರಕದ ಒರಟು ಮೈಯನ್ನು ಲೇತ್ ಯಂತ್ರ ಹೆರೆದು ನಯ ಮಾಡಲೆಂದೇ ಆ ಮೂರು ಹೆಚ್ಚಿಗೆ ಇಡುತ್ತಿದ್ದರು. ಕಡಿಮೆ ಮಾಡಿದರೆ ಪಂಪು ಹಾಳು, ತಪ್ಪು ಅವಳ ತಲೆಗೆ. ಲೇತನ್ನು ಎಂದೂ ಮುಟ್ಟದವನ ತಲೆಗಲ್ಲ!

ನೀಲವ್ವ ಕುರ್ಚಿ ಬಿಟ್ಟೆದ್ದಳು. "ನಿಮ್ಮ ಕೈಯಿಂದನ ಕಡಿಮಿ ಮಾಡ್ರಿ, ಸಾಹೇಬ್ರ."

ಅವಳು ತನ್ನ ಕಂಪ್ಯೂಟರಿನಲ್ಲಿ ಎರಕದ ನಕ್ಷೆಗೆ ಹೆರೆದ ಪಂಪಿನ ನಕ್ಷೆಯನ್ನು ಜೋಡಿಸಿಟ್ಟಿದ್ದಳು. ಅದು ಬದಲಾದರೆ ಇದೂ ಬದಲಾಗುತ್ತಿತ್ತು. ಸಾಹೇಬ ಮೀಸೆ ತಿರುವಿ ಎರಕದಲ್ಲಿ ಮೂರು ಕಳೆದ. ನಕ್ಷೆಯ ಲೇತ್ ಎಂದಿನಂತೆ ಇನ್ನೂ ಮೂರು ಹೆರೆಯಿತು. ಪರದೆಯ ಮೇಲೆ ಪಂಪಿನ ಗೋಡೆ ತೂತು!

ಲೇತಿನವರೆಲ್ಲ ಓಡಿಬಂದು ಇಣುಕಿದರು.

"ಏನಾತ ಇದು?" ಸಾಹೇಬ ಬೆವೆತ.

"ಗಡ್ಡ ಇಲ್ಲದವಗ ಕ್ಷೌರ ಮಾಡಿದ್ರಿ, ಸಾಹೇಬ್ರ. ಗಲ್ಲ ಹೋತು!"

ಎಲ್ಲರೂ ಗೊಳ್ಳೆಂದರು. ಸಾಹೇಬ ಎರಕಕ್ಕೆ ಆ ಮೂರನ್ನು ತಾನೇ ಮರಳಿ ಹಾಕಿದ.