ಬಾಳೆಗೊನೆಯ ಕಾಲ

ಕಂಬಳದಲ್ಲಿ ಮೊದಲ ಬಹುಮಾನ ಗೆದ್ದು ಹಟ್ಟಿಗೆ ಮರಳಿದ ದೂಜನೆಂಬ ಕೋಣನಿಗೆ ಆ ಸಂಜೆ ಹುಲ್ಲು ಬೇಡವಾಗಿತ್ತು, ಹೊಗಳಿಕೆ ಬೇಕಿತ್ತು. ಪಕ್ಕದಲ್ಲಿ, ಓಟ ಬಿಟ್ಟು ಎಷ್ಟೋ ವರ್ಷಗಳಾದ ಮುದಿಕೋಣ ತಾಟೆ ಮೆಲುಕು ಹಾಕುತ್ತಿದ್ದ.

"ಅಜ್ಜ, ಇವತ್ತು ನಮ್ಮ ಜೋಡಿಗೆ ಎರಡು ಪವನ್ ಚಿನ್ನ ಬಂತು. ನಿಮ್ಮ ಕಾಲದಲ್ಲಿ ಗೆದ್ದರೆ ಏನು ಕೊಡುತ್ತಿದ್ದರು?"

"ಒಂದು ಬಾಳೆಗೊನೆ."

ದೂಜನಿಗೆ ನಗು ತಡೆಯಲಾಗಲಿಲ್ಲ. "ಅಷ್ಟು ಓಡಿ ಬರೀ ಬಾಳೆಗೊನೆಯೇ? ನಿಮಗೆ ನಿಮ್ಮ ಬೆಲೆಯೇ ಗೊತ್ತಿರಲಿಲ್ಲ."

"ಇರಬಹುದು," ಎಂದ ತಾಟೆ. "ಹಣ್ಣನ್ನು ಯಜಮಾನರ ಮನೆಯವರೆಲ್ಲ ಕೂತು ತಿನ್ನುತ್ತಿದ್ದರು. ಸಿಪ್ಪೆಯನ್ನು ತಂದು ನನಗೆ ಹಾಕುತ್ತಿದ್ದರು."

"ಸಿಪ್ಪೆಗಾಗಿ ಓಡಿದಿರಿ ಅನ್ನಿ," ಎಂದು ದೂಜ ಮತ್ತೂ ನಕ್ಕ.

ಅಷ್ಟರಲ್ಲಿ ಯಜಮಾನರು ಬಂದರು. ದೂಜನ ಬೆನ್ನು ತಟ್ಟಿದರು, ಚಿನ್ನವನ್ನು ಅವನ ಹಣೆಗೆ ಮುಟ್ಟಿಸಿ ಫೋಟೊ ತೆಗೆಸಿಕೊಂಡರು. ಆಮೇಲೆ ಒಳಗೆ ಹೋಗಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಸದ್ದು ಹಟ್ಟಿಯವರೆಗೂ ಕೇಳಿಸಿತು.

ದೂಜ ಬಾಗಿಲಿನತ್ತ ಮುಖ ಮಾಡಿ ಬಹಳ ಹೊತ್ತು ಕಾದ. ಯಾರೂ ಹೊರಗೆ ಬರಲಿಲ್ಲ.

"ಅಜ್ಜ," ಎಂದು ಕೊನೆಗೆ ಕೇಳಿದ, "ಚಿನ್ನಕ್ಕೆ ಸಿಪ್ಪೆ ಇರುವುದಿಲ್ಲವೇ?"